ಬರಹಗಾರರ ಮುಷ್ಕರ ಮತ್ತು ಮರುಪ್ರಸಾರದ ಲೆಕ್ಕ

2023ರ ಮೇ 2ರ ರಾತ್ರಿ ಅಮೆರಿಕದ ಟಿವಿಯಲ್ಲಿ ರಾತ್ರಿಯ ಹರಟೆ ಕಾರ್ಯಕ್ರಮಗಳ ನಿರೂಪಕರಾದ ಸ್ಟೀಫನ್ ಕೋಲ್ಬೇರ್, ಜಿಮ್ಮಿ ಫ್ಯಾಲನ್, ಜಿಮ್ಮಿ ಕಿಮ್ಮೆಲ್ ಎಲ್ಲರೂ ಎಂದಿನ ಹೊತ್ತಿಗೆ ಕಾಣಿಸಿಕೊಂಡರು. ಆದರೆ ಅವರು ಆಡಿದ ಮಾತು ಆ ದಿನದ್ದಾಗಿರಲಿಲ್ಲ, ಹಳೆಯ ಸಂಚಿಕೆಗಳು ಮತ್ತೆ ಬಂದಿದ್ದವು. ಅಂದಿನಿಂದ ಟಿವಿ ಮತ್ತು ಸಿನಿಮಾ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಆಫ್ ಅಮೆರಿಕದ ಸುಮಾರು 11,500 ಸದಸ್ಯರು ಕೆಲಸ ನಿಲ್ಲಿಸಿದ್ದರು. ಅವರ ಮುಷ್ಕರ 148 ದಿನ ನಡೆದು ಸೆಪ್ಟೆಂಬರ್ 27ಕ್ಕೆ ಮುಗಿಯಿತು. ನಡುವೆ ಜುಲೈ 14ರಿಂದ ನಟರ ಸಂಘವೂ ಮುಷ್ಕರಕ್ಕೆ ಇಳಿದದ್ದರಿಂದ ಹಾಲಿವುಡ್‌ನಲ್ಲಿ ನವೆಂಬರ್‌ವರೆಗೂ ಚಿತ್ರೀಕರಣ ಸರಿದಾರಿಗೆ ಬರಲಿಲ್ಲ. ಇಷ್ಟೆಲ್ಲ ಆದರೂ ಆ ತಿಂಗಳುಗಳಲ್ಲಿ ಒಂದು ವಾಹಿನಿಯ ಪರದೆಯೂ ಒಂದು ಗಂಟೆಯ ಮಟ್ಟಿಗೂ ಕಪ್ಪಾಗಲಿಲ್ಲ. ಬಸ್ಸಿನ ನೌಕರರು ಮುಷ್ಕರ ಹೂಡಿದರೆ ನಿಲ್ದಾಣದಲ್ಲಿ ಬಸ್ಸು ಇರುವುದಿಲ್ಲ. ಟಿವಿಯ ಬರಹಗಾರರು ಮುಷ್ಕರ ಹೂಡಿದರೆ ಟಿವಿಯಲ್ಲಿ ಏನೋ ಒಂದು ಬರುತ್ತಲೇ ಇರುತ್ತದೆ. ಆ 'ಏನೋ ಒಂದು' ಯಾವುದು, ಅದು ಎಲ್ಲಿಂದ ಬರುತ್ತದೆ, ಅದರಿಂದ ಯಾರಿಗೆ ಎಷ್ಟು ಹಣ ಸೇರುತ್ತದೆ ಎಂಬುದನ್ನು ನೋಡಿದರೆ ಮುಷ್ಕರ ಏಕೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ ಎಂದು ನನಗೆ ಅನಿಸಿದೆ.

ನಾನು ಈ ವಿಷಯದ ಬೆನ್ನು ಹತ್ತಿದ್ದು ಒಂದು ಸಣ್ಣ ಕುತೂಹಲದಿಂದ. 'ಬ್ರೇಕಿಂಗ್ ಬ್ಯಾಡ್' ಸರಣಿಯ ಮೊದಲ ಸೀಸನ್ನಿನಲ್ಲಿ ಏಳೇ ಕಂತುಗಳಿವೆ. ಆಮೇಲಿನ ಮೂರು ಸೀಸನ್ನುಗಳಲ್ಲಿ ಹದಿಮೂರು ಹದಿಮೂರು ಇರುವಾಗ ಮೊದಲನೆಯದು ಮಾತ್ರ ಏಕೆ ಇಷ್ಟು ಗಿಡ್ಡ, ಅದೂ ಕಥೆ ಒಂದು ಘಟ್ಟಕ್ಕೆ ಬಂದು ನಿಲ್ಲುವ ಮೊದಲೇ ಏಕೆ ಮುಗಿಯುತ್ತದೆ ಎಂದು ಹುಡುಕಿದಾಗ ಸಿಕ್ಕ ಉತ್ತರ 2007-08ರ ಬರಹಗಾರರ ಮುಷ್ಕರ. ಒಂಬತ್ತು ಕಂತುಗಳಿಗೆ ಯೋಜನೆ ಇತ್ತು, ಏಳು ಮುಗಿಯುವ ಹೊತ್ತಿಗೆ ಮುಷ್ಕರ ಬಂತು, ಉಳಿದೆರಡು ಆಗಲೇ ಇಲ್ಲ. ಆ ಮುಷ್ಕರ 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ನೂರು ದಿನ ನಡೆದಿತ್ತು. ಅದೇ ವರ್ಷದ ಬೇರೆ ಸರಣಿಗಳನ್ನು ತೆಗೆದು ನೋಡಿದರೆ ಎಲ್ಲದರ ಮೈಮೇಲೂ ಅದೇ ಗಾಯದ ಗುರುತು ಕಾಣುತ್ತದೆ. 'ಹೀರೋಸ್' ಎರಡನೆಯ ಸೀಸನ್ ಹನ್ನೊಂದು ಕಂತಿಗೆ ನಿಂತಿತು. 'ಪುಷಿಂಗ್ ಡೇಸೀಸ್' ಒಂಬತ್ತಕ್ಕೆ ನಿಂತು, ತಿಂಗಳುಗಟ್ಟಲೆ ಕಾಣೆಯಾಗಿ, ಮರಳಿ ಬಂದಾಗ ನೋಡುಗರು ಅದನ್ನು ಮರೆತೇಬಿಟ್ಟಿದ್ದರು. '24' ಸರಣಿಯ ಏಳನೆಯ ಸೀಸನ್ 2008ರ ಜನವರಿಯಲ್ಲಿ ಬರಬೇಕಾದದ್ದು ಇಡೀ ಒಂದು ವರ್ಷ ತಡವಾಗಿ ಬಂತು. ಒಂದು ಸರಣಿ ಸೋತದ್ದು ಬರವಣಿಗೆ ಕೆಟ್ಟದ್ದರಿಂದಲೋ ನಡುವೆ ಕಡಿದುಹೋದದ್ದರಿಂದಲೋ ಎಂದು ಈಗ ಹೇಳುವುದು ಕಷ್ಟ. 'ಹೀರೋಸ್' ಸೀಸನ್ನಿನ ಮಟ್ಟಿಗೆ ಮುಷ್ಕರಕ್ಕೂ ಮುಂಚೆಯೇ ದೂರುಗಳು ಶುರುವಾಗಿದ್ದವು ಎಂಬುದನ್ನಂತೂ ಒಪ್ಪಬೇಕು.

ಮುಷ್ಕರದ ಬಿಸಿ ಎಲ್ಲ ಕಾರ್ಯಕ್ರಮಗಳಿಗೂ ಒಂದೇ ದಿನ ತಟ್ಟುವುದಿಲ್ಲ. ಅಂದಿನ ಅಕ್ಕಿಯನ್ನು ಅಂದೇ ತಂದು ಬೇಯಿಸುವ ಮನೆಗೂ ಕಣಜದಲ್ಲಿ ಭತ್ತ ತುಂಬಿಟ್ಟ ಮನೆಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ರಾತ್ರಿಯ ಹರಟೆ ಕಾರ್ಯಕ್ರಮಗಳು ಬೆಳಗಿನ ಸುದ್ದಿ ಓದಿ ಮಧ್ಯಾಹ್ನ ನಗೆಮಾತು ಬರೆದು ಸಂಜೆ ಚಿತ್ರೀಕರಿಸುವಂಥವು. ಅವು ಮೊದಲ ದಿನವೇ ನಿಲ್ಲುತ್ತವೆ. ವಾರಕ್ಕೊಮ್ಮೆ ನೇರ ಪ್ರಸಾರವಾಗುವ 'ಸ್ಯಾಟರ್ಡೇ ನೈಟ್ ಲೈವ್' ಅದೇ ವಾರ ನಿಲ್ಲುತ್ತದೆ. ಹಗಲು ಹೊತ್ತಿನ ಧಾರಾವಾಹಿಗಳಿಗೆ ಕೆಲವು ವಾರಗಳ ಚಿತ್ರಕಥೆ ಮುಂಗಡವಾಗಿ ಇರುತ್ತದೆ. ರಾತ್ರಿಯ ದೊಡ್ಡ ಸರಣಿಗಳದ್ದು ಬೇರೆಯೇ ಲೆಕ್ಕ. ಹಳೆಯ ಪದ್ಧತಿಯ ವಾಹಿನಿಗಳಲ್ಲಿ ಒಂದು ಸೀಸನ್ ಎಂದರೆ 22 ಕಂತು. ಬರಹಗಾರರು ಬೇಸಿಗೆಯ ಆರಂಭದಲ್ಲಿ ಒಂದು ಕೋಣೆಯಲ್ಲಿ ಕೂತು ಬರೆಯಲು ತೊಡಗುತ್ತಾರೆ, ಜುಲೈ ಹೊತ್ತಿಗೆ ಚಿತ್ರೀಕರಣ ಶುರುವಾಗುತ್ತದೆ, ಸೆಪ್ಟೆಂಬರಿನಲ್ಲಿ ಪ್ರಸಾರ. ಹೀಗಾಗಿ 2007ರಲ್ಲಿ ನವೆಂಬರಿನಲ್ಲಿ ಕೆಲಸ ನಿಂತಾಗ ಹೆಚ್ಚಿನ ಸರಣಿಗಳ ಹತ್ತು ಹನ್ನೆರಡು ಕಂತುಗಳು ಸಿದ್ಧವಿದ್ದವು, ಕೊರತೆ ಮನೆಯಲ್ಲಿ ಕೂತವರ ಕಣ್ಣಿಗೆ ಬಿದ್ದದ್ದು ಜನವರಿಯಲ್ಲಿ. 2023ರಲ್ಲಿ ಮೇ ತಿಂಗಳಲ್ಲಿ ನಿಂತದ್ದರಿಂದ ಕೈಯಲ್ಲಿದ್ದ ಸೀಸನ್ ಬಹುಮಟ್ಟಿಗೆ ಮುಗಿದಿತ್ತು, ಮುಂದಿನದು ಮಾತ್ರ ಹುಟ್ಟಲೇ ಇಲ್ಲ.

ಚಿತ್ರಕಥೆ ಕೈಯಲ್ಲಿದ್ದರೆ ಚಿತ್ರೀಕರಣ ನಡೆಸಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಕಾಗದದ ಮೇಲೆ ಅದು ನಿಜ. ಆದರೆ ಸೆಟ್ಟಿನಲ್ಲಿ ಒಂದು ಕಂತು ಬರೆದದ್ದು ಬರೆದಂತೆ ಪರದೆಗೆ ಹೋಗುವುದು ಅಪರೂಪ. ಸಮಯ ಮೀರಿದರೆ ಸಾಲು ಕತ್ತರಿಸಬೇಕು, ಕತ್ತರಿಸಿದಲ್ಲಿ ಜೋಡಣೆಗೆ ಒಂದು ಮಾತು ಬೇಕು, ನಟನೊಬ್ಬ ಬಾರದಿದ್ದರೆ ಅವನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಇಡಬೇಕು, ವಕೀಲರು ಬೇಡವೆಂದ ಹೆಸರನ್ನು ಬದಲಿಸಬೇಕು. ಗಿಲ್ಡಿನ ಒಪ್ಪಂದದಲ್ಲಿ ಇಂಥ ಸಣ್ಣ ಕೆಲಸಗಳಿಗೆಂದೇ 'ಎ'ಯಿಂದ 'ಎಚ್'ವರೆಗೆ ಒಂದು ಪಟ್ಟಿ ಇದೆ. ಇವನ್ನು ನಿರ್ಮಾಪಕರೋ ನಿರ್ದೇಶಕರೋ ಮಾಡಿದರೆ ಅದು ಬರವಣಿಗೆ ಎಂದು ಪರಿಗಣಿತವಾಗುವುದಿಲ್ಲ. ತೊಡಕು ಇರುವುದು ಇಲ್ಲೇ: ಅಮೆರಿಕದ ಸರಣಿಗಳಲ್ಲಿ ಮುಖ್ಯ ಬರಹಗಾರನೇ ಶೋರನ್ನರ್ ಎಂಬ ಹೆಸರಿನಲ್ಲಿ ನಿರ್ಮಾಪಕನೂ ಆಗಿರುತ್ತಾನೆ. ಇತ್ತ ಸ್ಟುಡಿಯೋ 'ನಿರ್ಮಾಪಕನಾಗಿ ಕೆಲಸಕ್ಕೆ ಬಾ' ಎಂದು ಕರೆಯುತ್ತದೆ, ಅತ್ತ ಗಿಲ್ಡು 'ಆ ಎಂಟು ಬಗೆಯ ಕೆಲಸವನ್ನೂ ಮಾಡಬೇಡ' ಎನ್ನುತ್ತದೆ. 2007ರಲ್ಲಿ ಬಹಳಷ್ಟು ಶೋರನ್ನರ್‌ಗಳು ಗೇಟಿನ ಹೊರಗೆ ಫಲಕ ಹಿಡಿದು ನಿಂತರು. 'ದಿ ಆಫೀಸ್' ಸರಣಿಯಲ್ಲಂತೂ ಬರೆಯುವವರಲ್ಲಿ ಕೆಲವರು ನಟರೂ ಆಗಿದ್ದರು. ಅವರು ಹೊರಗೆ ನಿಂತದ್ದಲ್ಲದೆ ನಾಯಕನಟ ಸ್ಟೀವ್ ಕರೆಲ್ ಕೂಡ ಸೆಟ್ಟಿಗೆ ಹೋಗಲು ಒಪ್ಪಲಿಲ್ಲ, ಚಿತ್ರೀಕರಣ ಅಲ್ಲಿಗೇ ನಿಂತಿತು.

ಆ ಚಳಿಗಾಲದ ಅತ್ಯಂತ ವಿಚಿತ್ರ ದೃಶ್ಯಗಳು ನಡೆದದ್ದು ರಾತ್ರಿಯ ಕಾರ್ಯಕ್ರಮಗಳಲ್ಲಿ. ಎರಡು ತಿಂಗಳು ಮರುಪ್ರಸಾರ ಹಾಕಿದ ಮೇಲೆ 2008ರ ಜನವರಿ 2ರಂದು ನಿರೂಪಕರು ಮರಳಿ ಬಂದರು. ಡೇವಿಡ್ ಲೆಟರ್‌ಮನ್ ತಮ್ಮ ಕಾರ್ಯಕ್ರಮಕ್ಕೆ ತಾವೇ ಮಾಲೀಕರಾಗಿದ್ದರಿಂದ ಅವರ ಕಂಪನಿ ಗಿಲ್ಡಿನೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಬರಹಗಾರರನ್ನು ಕರೆದುಕೊಂಡೇ ಬಂತು. ಎನ್‌ಬಿಸಿ ವಾಹಿನಿಯ ಜೇ ಲೆನೋ ಮತ್ತು ಕೋನನ್ ಓಬ್ರಯನ್ ಬರಹಗಾರರಿಲ್ಲದೆ ಬಂದರು. ಲೆನೋ ತಮ್ಮ ನಗೆಮಾತುಗಳನ್ನು ತಾವೇ ಬರೆದುಕೊಂಡದ್ದಕ್ಕೆ ಗಿಲ್ಡು ಆಕ್ಷೇಪ ಎತ್ತಿತು, ಏಕೆಂದರೆ ಅವರೂ ಅದರ ಸದಸ್ಯರೇ. ಓಬ್ರಯನ್ ದಾರಿ ಬೇರೆ. ಗಡ್ಡ ಬಿಟ್ಟುಕೊಂಡು ಬಂದ ಅವರು, ಮಾತು ಸಾಲದಾದಾಗ ಬೆರಳಿನ ಮದುವೆಯುಂಗುರವನ್ನು ಕಳಚಿ ಮೇಜಿನ ಮೇಲೆ ಬುಗುರಿಯ ಹಾಗೆ ತಿರುಗಿಸಿ, ಅದು ಎಷ್ಟು ಸೆಕೆಂಡು ತಿರುಗುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತಿದ್ದರು. ದೇಶವಿಡೀ ಕಾಣುವ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಉಂಗುರ ತಿರುಗುವುದನ್ನು ಕ್ಯಾಮೆರಾ ಹತ್ತಿರದಿಂದ ಹಿಡಿದಿದೆ, ಸಭಾಂಗಣದಲ್ಲಿದ್ದವರು ಉಸಿರು ಬಿಗಿಹಿಡಿದು ನೋಡಿ ಅದು ಬಿದ್ದಾಗ ಚಪ್ಪಾಳೆ ತಟ್ಟುತ್ತಾರೆ. ನೋಡಲು ಮಜವಾಗಿಯೇ ಇದೆ. ಆದರೆ ಇದನ್ನು ವಾರಕ್ಕೆ ಐದು ದಿನದಂತೆ ವರ್ಷವಿಡೀ ಮಾಡಲಾಗದು ಎಂಬುದನ್ನು ಓಬ್ರಯನ್ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಅದೇ ಜನವರಿಯ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭಕ್ಕೆ ನಟರು ಮುಷ್ಕರದ ಸಾಲು ದಾಟಿ ಬರುವುದಿಲ್ಲ ಎಂದದ್ದರಿಂದ, ಊಟ ಉಡುಪು ಭಾಷಣಗಳ ಇಡೀ ಸಂಭ್ರಮ ಒಂದು ಪತ್ರಿಕಾಗೋಷ್ಠಿಗೆ ಇಳಿಯಿತು. ನಿರೂಪಕರು ವಿಜೇತರ ಹೆಸರುಗಳನ್ನು ಓದಿದರು, ಮುಗಿಯಿತು.

ಇನ್ನೂ ಹಿಂದೆ ಹೋದರೆ 1988ರ ಮುಷ್ಕರ ಸಿಗುತ್ತದೆ. ಮಾರ್ಚ್ 7ರಿಂದ ಆಗಸ್ಟ್ 7ರವರೆಗೆ ನಡೆದ ಅದು ಗಿಲ್ಡಿನ ಇತಿಹಾಸದಲ್ಲೇ ಅತಿ ದೀರ್ಘವಾದದ್ದು. ಹೊಸದನ್ನು ಬರೆಯುವವರು ಇಲ್ಲದಾಗ ವಾಹಿನಿಗಳು ಆಗ ಹಳೆಯ ಕಾಗದವನ್ನೇ ಹುಡುಕಿದವು. 1960ರ ದಶಕದ 'ಮಿಷನ್: ಇಂಪಾಸಿಬಲ್' ಸರಣಿಯನ್ನು ಎಬಿಸಿ ಮತ್ತೆ ಕೈಗೆತ್ತಿಕೊಂಡದ್ದು, ಹಳೆಯ ಚಿತ್ರಕಥೆಗಳನ್ನೇ ಖರ್ಚು ಕಡಿಮೆಯಾಗುವ ಆಸ್ಟ್ರೇಲಿಯಾದಲ್ಲಿ ಮರಳಿ ಚಿತ್ರೀಕರಿಸಬಹುದೆಂಬ ಲೆಕ್ಕದಿಂದ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಎರಡನೆಯ ಸೀಸನ್ ನವೆಂಬರಿಗೆ ಸರಿದು, 26ರ ಬದಲು 22 ಕಂತು ಆಯಿತು. ಅದರ ಮೊದಲ ಕಂತು ಎಪ್ಪತ್ತರ ದಶಕದಲ್ಲಿ ಯೋಜನೆಯಾಗಿ ಎಂದೂ ಚಿತ್ರೀಕರಣಕ್ಕೆ ಹೋಗದ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಗಾಗಿ ಬರೆದ ಕಥೆಯ ರೂಪಾಂತರ. ಕೊನೆಯ ಕಂತು ಇನ್ನೂ ಸ್ವಾರಸ್ಯವಾಗಿದೆ: ಅಧಿಕಾರಿ ರೈಕರ್‌ಗೆ ಕಾಡಿನ ಬಳ್ಳಿಯೊಂದರಿಂದ ಸೋಂಕು ತಗಲುತ್ತದೆ, ಅವನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹಳೆಯದನ್ನೆಲ್ಲ ನೆನಪಿಸಿಕೊಳ್ಳುತ್ತಾನೆ, ಆ ನೆನಪುಗಳೆಲ್ಲ ಹಿಂದಿನ ಕಂತುಗಳ ತುಣುಕುಗಳು. ಕಥೆಯ ಒಳಗೇ ಮರುಪ್ರಸಾರವನ್ನು ಹೊಲಿದಿಟ್ಟಂತೆ. ದುಡ್ಡು ಮೀರಿಹೋದದ್ದೂ ಅದಕ್ಕೆ ಒಂದು ಕಾರಣ ಎನ್ನುತ್ತಾರೆ, ಆದರೂ ಆ ಸರಣಿಯ ಅಭಿಮಾನಿಗಳು ಅದನ್ನು ಇಂದಿಗೂ ಕ್ಷಮಿಸಿಲ್ಲ.

ಮರುಪ್ರಸಾರವೂ ಹಳೆಯ ಕಾಗದವೂ ಸಾಲದಾದಾಗ ಬರುವುದು ರಿಯಾಲಿಟಿ ಶೋ. 1989ರ ಮಾರ್ಚಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾದ 'ಕಾಪ್ಸ್' ಕಾರ್ಯಕ್ರಮದಲ್ಲಿ ನಟರಿಲ್ಲ, ಚಿತ್ರಕಥೆಯಿಲ್ಲ, ಪೊಲೀಸರ ಹಿಂದೆ ಓಡುವ ಕ್ಯಾಮೆರಾ ಅಷ್ಟೆ. ಹಿಂದಿನ ವರ್ಷದ ಮುಷ್ಕರದಿಂದ ಪಾಠ ಕಲಿತ ವಾಹಿನಿಗೆ ಇದಕ್ಕಿಂತ ಬೇರೆ ವರ ಬೇಕಿರಲಿಲ್ಲ. 2008ರಲ್ಲಿ ಎನ್‌ಬಿಸಿ 'ಅಮೆರಿಕನ್ ಗ್ಲಾಡಿಯೇಟರ್ಸ್' ಅನ್ನು ಮತ್ತೆ ಎಬ್ಬಿಸಿತು, ಸಾಮಾನ್ಯವಾಗಿ ಬೇಸಿಗೆಗೆ ಬರುವ 'ಬಿಗ್ ಬ್ರದರ್' ಅನ್ನು ಸಿಬಿಎಸ್ ಫೆಬ್ರವರಿಗೇ ತಂದಿತು. ಮುಷ್ಕರದಿಂದಲೇ ರಿಯಾಲಿಟಿ ಟಿವಿ ಹುಟ್ಟಿತು ಎಂದು ಕೆಲವರು ಬರೆಯುವುದನ್ನು ನಾನು ಒಪ್ಪುವುದಿಲ್ಲ; 'ಸರ್ವೈವರ್' ಅಲ್ಲಿ ಮನೆಮಾತಾದದ್ದು 2000ದಲ್ಲಿ, ಆಗ ಬರಹಗಾರರ ಮುಷ್ಕರವೇ ಇರಲಿಲ್ಲ. ಅಗ್ಗವಾಗಿ ಆಗುವ, ಜನ ನೋಡುವ ಕಾರ್ಯಕ್ರಮಕ್ಕೆ ಮುಷ್ಕರದ ನೆಪ ಬೇಕಾಗಿಲ್ಲ. ಮುಷ್ಕರ ಮಾಡುವುದು ಇಷ್ಟೇ: ಖಾಲಿಯಾದ ಗಂಟೆಗಳನ್ನು ಅದಕ್ಕೆ ಒಪ್ಪಿಸುತ್ತದೆ, ಒಪ್ಪಿಸಿದ ಗಂಟೆಗಳೆಲ್ಲ ಮರಳಿ ಸಿಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರಿಯಾಲಿಟಿ ಶೋಗೆ ಬರವಣಿಗೆ ಇಲ್ಲ ಎಂಬುದು ಬರೀ ಲೆಕ್ಕಪತ್ರದ ಸತ್ಯ. ನೂರಾರು ಗಂಟೆಗಳ ಚಿತ್ರಣದಿಂದ ಯಾರು ನಾಯಕಿ, ಯಾರು ಖಳ, ಯಾವ ಜಗಳ ಯಾವ ವಾರಕ್ಕೆ ಎಂದು ಕಥೆ ಕಟ್ಟುವವರು ಇದ್ದೇ ಇರುತ್ತಾರೆ. ಅವರನ್ನು ಸ್ಟೋರಿ ಪ್ರೊಡ್ಯೂಸರ್ ಎನ್ನುತ್ತಾರೆಯೇ ಹೊರತು ಬರಹಗಾರರು ಎನ್ನುವುದಿಲ್ಲ. 2006ರಲ್ಲಿ 'ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್' ಕಾರ್ಯಕ್ರಮದ ಹನ್ನೆರಡು ಮಂದಿ ತಮ್ಮನ್ನೂ ಗಿಲ್ಡಿನ ವ್ಯಾಪ್ತಿಗೆ ತರಬೇಕೆಂದು ಮುಷ್ಕರ ಹೂಡಿ ಕೊನೆಗೆ ಕೆಲಸವನ್ನೇ ಕಳೆದುಕೊಂಡರು. 2007ರ ಬೇಡಿಕೆಗಳಲ್ಲಿ ರಿಯಾಲಿಟಿ ಟಿವಿಯನ್ನು ವ್ಯಾಪ್ತಿಗೆ ತರುವುದೂ ಸೇರಿತ್ತು. ಆದರೆ 2008ರ ಜನವರಿಯಲ್ಲಿ ಮಾತುಕತೆ ಮುಂದುವರಿಯಲೆಂದು ಗಿಲ್ಡು ಅದನ್ನು ಕೈಬಿಟ್ಟಿತು. ತಮ್ಮ ಗೈರುಹಾಜರಿಯನ್ನು ತುಂಬಿಕೊಡುತ್ತಿದ್ದ ಕಾರ್ಯಕ್ರಮವನ್ನೇ ಅವರು ಹೊರಗೆ ಬಿಟ್ಟುಕೊಟ್ಟರು. ಆ ಒಪ್ಪಂದದಲ್ಲಿ ನನಗೆ ಕಾಣುವ ದೊಡ್ಡ ಸೋಲು ಇದೇ.

ತುಂಬಲು ಬಂದದ್ದು ಉಳಿದುಬಿಡುತ್ತದೆ ಎಂಬುದಕ್ಕೆ ಕನ್ನಡದಲ್ಲೂ ಒಂದು ಸಾಕ್ಷಿ ಇದೆ, ಅದು ಮುಷ್ಕರದಿಂದ ಆದದ್ದಲ್ಲ ಅಷ್ಟೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಧಾರಾವಾಹಿಗಳ ಚಿತ್ರೀಕರಣ ನಿಂತಾಗ ನಮ್ಮ ವಾಹಿನಿಗಳ ಬಳಿ ಇದ್ದದ್ದು ಕೆಲವೇ ದಿನಗಳ ಕಂತುಗಳ ದಾಸ್ತಾನು. ಅದು ಮುಗಿದ ಮೇಲೆ ಹಳೆಯ ಧಾರಾವಾಹಿಗಳು ಮತ್ತೆ ಬಂದವು, ಸ್ಟಾರ್ ಸುವರ್ಣದಲ್ಲಿ ಹಿಂದಿಯಿಂದ ಡಬ್ ಆದ ಮಹಾಭಾರತ ಬಂತು. ದಶಕಗಳ ಕಾಲ ಕನ್ನಡದ ಚಿತ್ರರಂಗ ಮತ್ತು ಕಿರುತೆರೆ ಬಾಗಿಲು ಹಾಕಿಟ್ಟಿದ್ದ ಡಬ್ಬಿಂಗ್ ಆ ಎರಡು ತಿಂಗಳ ಬರದಲ್ಲಿ ಹಜಾರಕ್ಕೆ ಬಂದು ಕೂತಿತು. ಅದನ್ನು ಇಷ್ಟಪಟ್ಟು ನೋಡಿದವರೂ ಬಹಳ ಮಂದಿ. ಇಲ್ಲಿ ನಾನು ಸರಿತಪ್ಪಿನ ಪಂಚಾಯಿತಿಗೆ ಇಳಿಯುವುದಿಲ್ಲ.

ಈಗ ಹಣದ ವಿಷಯ. ಟಿವಿ ಬರಹಗಾರನಿಗೆ ಕಂತು ಬರೆದಾಗ ಒಮ್ಮೆ ಸಂಭಾವನೆ ಸಿಗುತ್ತದೆ, ಅದು ಮತ್ತೆ ಪ್ರಸಾರವಾದಾಗ ಇನ್ನೊಂದಿಷ್ಟು ಸಿಗುತ್ತದೆ; ಈ ಎರಡನೆಯದನ್ನು ರೆಸಿಡ್ಯುಯಲ್ ಎನ್ನುತ್ತಾರೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಬಾಡಿಗೆ ಕಟ್ಟುವುದು ಬಹುಪಾಲು ಈ ಚೆಕ್ಕಿನಿಂದ. ಟಿವಿಯ ಮರುಪ್ರಸಾರಕ್ಕೆ ಇದು ಮೊದಲು ಸಿಕ್ಕಿದ್ದು 1950ರ ದಶಕದಲ್ಲಿ. ಸಿನಿಮಾಗಳನ್ನು ಟಿವಿಗೆ ಮಾರಿದಾಗ ಪಾಲು ಕೊಡಬೇಕೆಂಬುದು 1960ರ ಮುಷ್ಕರದಿಂದ ದಕ್ಕಿತು. ಅದೇ ವರ್ಷ ನಟರೂ ಮುಷ್ಕರ ಹೂಡಿದ್ದರು, ಅವರ ಸಂಘದ ಅಧ್ಯಕ್ಷರಾಗಿದ್ದವರು ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. 1985ರಲ್ಲಿ ವಿಡಿಯೊ ಕ್ಯಾಸೆಟ್ಟಿನ ವಿಷಯಕ್ಕೆ ನಡೆದ ಮುಷ್ಕರ ಎರಡೇ ವಾರದಲ್ಲಿ ಕುಸಿಯಿತು. ಅಲ್ಲಿ ಒಪ್ಪಿಕೊಂಡ ಸೂತ್ರವೇ ಡಿವಿಡಿಗೂ ಅಂಟಿಕೊಂಡು, ಒಂದು ಡಿವಿಡಿ ಮಾರಿದರೆ ಬರೆದವನಿಗೆ ಸುಮಾರು ನಾಲ್ಕು ಸೆಂಟ್ ಎಂಬ ಸ್ಥಿತಿ ಇಪ್ಪತ್ತು ವರ್ಷ ಉಳಿಯಿತು. 2007ರಲ್ಲಿ ಅದನ್ನು ಎಂಟು ಮಾಡಿ ಎಂದು ಕೇಳಿದ ಗಿಲ್ಡು ಕೊನೆಯ ಗಳಿಗೆಯಲ್ಲಿ ಆ ಬೇಡಿಕೆಯನ್ನು ಬಿಟ್ಟು ಅಂತರ್ಜಾಲದ ಪಾಲಿಗಾಗಿ ಹಟ ಹಿಡಿಯಿತು. ಇಂದು ಡಿವಿಡಿ ಕೊಳ್ಳುವವರು ಎಷ್ಟು ಮಂದಿ ಎಂದು ಯೋಚಿಸಿದರೆ ಆ ಹಟ ಎಷ್ಟು ದೂರದೃಷ್ಟಿಯದು ಎಂಬುದು ಅರ್ಥವಾಗುತ್ತದೆ. ನಮ್ಮಲ್ಲಿಯೂ 2012ರ ಕೃತಿಸ್ವಾಮ್ಯ ತಿದ್ದುಪಡಿಯು ಸಿನಿಮಾದಲ್ಲಿ ಬಳಕೆಯಾದ ಸಾಹಿತ್ಯ ಕೃತಿಯ ಕರ್ತೃ ತನ್ನ ರಾಯಧನದ ಹಕ್ಕನ್ನು ಬಿಟ್ಟುಕೊಡಲಾಗದು ಎಂದು ಹೇಳಿದೆ. ಆದರೆ ಕಾನೂನಿನ ಸಾಲು ಚೆಕ್ಕಾಗಿ ಕೈಸೇರುವ ದಾರಿ ಉದ್ದವಾದದ್ದು.

ಇಷ್ಟು ತಿಳಿದ ಮೇಲೆ ಮುಷ್ಕರದ ಕಾಲದ ಟಿವಿ ಬೇರೆಯಾಗಿ ಕಾಣುತ್ತದೆ. ವಾಹಿನಿ ತನ್ನ ಖಾಲಿ ಗಂಟೆಗೆ ಹಳೆಯ ಕಂತನ್ನು ಹಾಕುತ್ತದೆ, ಆ ಹಳೆಯ ಕಂತು ಹೊರಗೆ ಫಲಕ ಹಿಡಿದು ನಿಂತವರದ್ದೇ, ಅದರ ಮರುಪ್ರಸಾರದ ಹಣವೂ ಅವರ ಮನೆಗೇ ಹೋಗುತ್ತದೆ. ಅಂದರೆ ಹಳೆಯ ಪದ್ಧತಿಯಲ್ಲಿ ಮುಷ್ಕರವನ್ನು ತಾಳಿಕೊಳ್ಳುವ ಕಸುವನ್ನು ವಾಹಿನಿಯೇ ಬರಹಗಾರನಿಗೆ ಅಲ್ಪಸ್ವಲ್ಪ ಒದಗಿಸುತ್ತಿತ್ತು. 2023ರ ಹೊತ್ತಿಗೆ ಕೆಟ್ಟಿದ್ದು ಈ ಏರ್ಪಾಡು. ನೆಟ್‌ಫ್ಲಿಕ್ಸ್‌ನಂಥ ವೇದಿಕೆಯಲ್ಲಿ ಮರುಪ್ರಸಾರ ಎಂಬುದೇ ಇಲ್ಲ. ಸರಣಿ ಅಲ್ಲಿ ಸದಾ ಇರುತ್ತದೆ, ಒಬ್ಬರು ನೋಡಿದರೂ ಕೋಟಿ ಜನ ನೋಡಿದರೂ ಬರೆದವನ ಪಾಲಿಗೆ ಆಗ ಸಿಗುತ್ತಿದ್ದದ್ದು ಒಂದು ನಿಗದಿತ ಮೊತ್ತ. 22 ಕಂತುಗಳ ಸೀಸನ್ ಎಂಟು ಹತ್ತಕ್ಕೆ ಇಳಿದು, ವರ್ಷದ ಕೆಲಸ ಕೆಲವು ವಾರಗಳ ಕೆಲಸವಾಗಿ, ಹತ್ತು ಮಂದಿ ಕೂರುತ್ತಿದ್ದ ಕೋಣೆಯಲ್ಲಿ ಮೂರು ನಾಲ್ಕು ಮಂದಿ ಕೂರುವಂತಾಗಿತ್ತು. ಇದಕ್ಕೆ ಮಿನಿ ರೂಮ್ ಎಂದು ಹೆಸರು.

ಆ ವರ್ಷದ ಶರತ್ಕಾಲಕ್ಕೆ ಎಬಿಸಿ ಪ್ರಕಟಿಸಿದ ವೇಳಾಪಟ್ಟಿಯಲ್ಲಿ ಬರೆದ ಸರಣಿ ಎಂದರೆ 'ಅಬಾಟ್ ಎಲಿಮೆಂಟರಿ'ಯ ಹಳೆಯ ಕಂತುಗಳು ಮಾತ್ರ. ಉಳಿದದ್ದು ಬಹುಮಟ್ಟಿಗೆ ನೃತ್ಯಸ್ಪರ್ಧೆ, ರಸಪ್ರಶ್ನೆ, ವಧೂವರರ ಆಟದಂಥವು. ಸಿಬಿಎಸ್ ತನ್ನದೇ ಒಡೆತನದ ಕೇಬಲ್ ವಾಹಿನಿಯ 'ಯೆಲ್ಲೋಸ್ಟೋನ್' ಅನ್ನು ಮೊದಲ ಕಂತಿನಿಂದ ಹಾಕಿತು, 'ಘೋಸ್ಟ್ಸ್' ಸರಣಿಯ ಬ್ರಿಟಿಷ್ ಮೂಲವನ್ನು ತರಿಸಿತು, 'ಸರ್ವೈವರ್' ಕಂತುಗಳನ್ನು ಒಂದೂವರೆ ಗಂಟೆಗೆ ಎಳೆಯಿತು. ಸೆಪ್ಟೆಂಬರಿನಲ್ಲಿ ನಡೆಯಬೇಕಿದ್ದ ಎಮ್ಮಿ ಪ್ರಶಸ್ತಿ ಮರುವರ್ಷದ ಜನವರಿಗೆ ಹೋಯಿತು. ಸ್ಟ್ರೀಮಿಂಗ್ ವೇದಿಕೆಗಳಿಗೆ ಬಿಸಿ ತಟ್ಟಿದ್ದು ತಡವಾಗಿ. ಅವರ ಉಗ್ರಾಣ ದೊಡ್ಡದು, ಕೊರಿಯಾದಿಂದಲೂ ಸ್ಪೇನಿನಿಂದಲೂ ಸರಕು ಬರುತ್ತಿತ್ತು. ಬೆಂಗಳೂರಿನಲ್ಲಿ ಕೂತು ನೋಡುವ ನಮಗೆ 'ಸ್ಟ್ರೇಂಜರ್ ಥಿಂಗ್ಸ್' ಕೊನೆಯ ಸೀಸನ್ನಿನ ಚಿತ್ರೀಕರಣ ಮುಂದಕ್ಕೆ ಹೋಯಿತೆಂಬ ಸುದ್ದಿಯ ಹೊರತು ಆ ಬೇಸಿಗೆಯಲ್ಲಿ ಏನೂ ಕಾಣಲಿಲ್ಲ. ನಷ್ಟ ಕಂಡವರು ಲಾಸ್ ಏಂಜಲೀಸಿನ ಬಡಗಿಗಳು, ಬೆಳಕಿನವರು, ಲಾರಿ ಓಡಿಸುವವರು, ಸೆಟ್ಟಿಗೆ ಊಟ ಕೊಡುವವರು. ಬರಹಗಾರರ ಒಪ್ಪಂದದಲ್ಲಿ ಅವರ ಹೆಸರು ಇರಲಿಲ್ಲ, ಮರುಪ್ರಸಾರದ ಚೆಕ್ಕೂ ಅವರ ಮನೆಗೆ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಮೆರಿಕ ಕೂತು ನೋಡಿದ್ದು ಹೊಸ ಸರಣಿಯನ್ನಲ್ಲ, 2019ರಲ್ಲೇ ಮುಗಿದಿದ್ದ ವಕೀಲರ ಕಥೆ 'ಸೂಟ್ಸ್' ಅನ್ನು. ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದಂತೆ ಆ ವರ್ಷ ಅಮೆರಿಕದಲ್ಲಿ ಜನ ಅದನ್ನು ನೋಡಿದ್ದು 5,770 ಕೋಟಿ ನಿಮಿಷ, ಸ್ಟ್ರೀಮಿಂಗ್‌ನಲ್ಲಿ ಅದೊಂದು ದಾಖಲೆ. ಮುಷ್ಕರದ ನಡುವೆಯೇ ಅದರ ಬರಹಗಾರರೊಬ್ಬರು ಪತ್ರಿಕೆಯಲ್ಲಿ ಲೆಕ್ಕ ಬಿಚ್ಚಿಟ್ಟರು: ಎರಡು ವೇದಿಕೆಗಳಲ್ಲಿ ಓಡುತ್ತಿದ್ದ ತಮ್ಮ ಹನ್ನೊಂದು ಕಂತುಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ ಮೊದಲ ತಂಡದ ಆರು ಮಂದಿಗೆ ಸೇರಿ ಬಂದದ್ದು ಮೂರು ಸಾವಿರ ಡಾಲರಿಗಿಂತ ಕಡಿಮೆ.

ಸೆಪ್ಟೆಂಬರಿನ ಒಪ್ಪಂದದಲ್ಲಿ ಗಿಲ್ಡು ಗೆದ್ದದ್ದು ಕಡಿಮೆಯೇನಲ್ಲ. ಕಂತುಗಳ ಸಂಖ್ಯೆಗೆ ತಕ್ಕಂತೆ ಕೋಣೆಯಲ್ಲಿ ಕನಿಷ್ಠ ಇಷ್ಟು ಬರಹಗಾರರು ಇರಬೇಕು, ಕೃತಕ ಬುದ್ಧಿಮತ್ತೆ ಬರೆದದ್ದನ್ನು ಸಾಹಿತ್ಯ ಕೃತಿ ಎಂದು ಪರಿಗಣಿಸುವಂತಿಲ್ಲ, ಬರಹಗಾರ ಅದನ್ನು ಬಳಸಲೇಬೇಕು ಎಂದು ಕಂಪನಿ ಒತ್ತಾಯಿಸುವಂತಿಲ್ಲ ಎಂಬ ಷರತ್ತುಗಳು ಬಂದವು. ಸ್ಟ್ರೀಮಿಂಗ್ ವೇದಿಕೆಗಳು ಎಷ್ಟು ಗಂಟೆ ನೋಡಲಾಯಿತೆಂಬ ಲೆಕ್ಕವನ್ನು ಗುಟ್ಟಾಗಿಯಾದರೂ ಗಿಲ್ಡಿಗೆ ಕೊಡಬೇಕಾಯಿತು. ದೇಶದೊಳಗಿನ ಚಂದಾದಾರರಲ್ಲಿ ಶೇ. 20ರಷ್ಟು ಮಂದಿ ಮೊದಲ 90 ದಿನಗಳಲ್ಲಿ ನೋಡಿದರೆ ರೆಸಿಡ್ಯುಯಲ್ ಮೇಲೆ ಅದರ ಅರ್ಧದಷ್ಟು ಹೆಚ್ಚುವರಿ ಹಣ ಸಿಗಬೇಕೆಂಬ ನಿಯಮವೂ ಬಂತು. ಆದರೆ ಆ ನಿಯಮ ಅನ್ವಯವಾಗುವುದು ವೇದಿಕೆಗೆಂದೇ ತಯಾರಾಗಿ 2024ರಿಂದ ಈಚೆಗೆ ಬಿಡುಗಡೆಯಾದ ಕಾರ್ಯಕ್ರಮಗಳಿಗೆ. ಕೇಬಲ್ ವಾಹಿನಿಗಾಗಿ ತಯಾರಾಗಿ ಆಮೇಲೆ ನೆಟ್‌ಫ್ಲಿಕ್ಸ್ ಸೇರಿದ 'ಸೂಟ್ಸ್' ಅದರ ಹೊರಗೇ ಉಳಿಯಿತು.